ಚೆನ್ನಾಗಿದ್ದ ಬಾತುಕೋಳಿ ಇದ್ದಕ್ಕಿದ್ದಂತೆ ಸತ್ತರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಿಮ್ಮ ಬಾತು ಈಗಷ್ಟೇ ಸತ್ತಿದ್ದರೆ ಮೊದಲ ಎರಡು ಪ್ರಶ್ನೆ ಮಾತ್ರ ಓದಿ, ಅಲ್ಲಿ ಹೇಳಿರುವ ಕೆಲಸ ಮುಗಿಸಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಸಾವಿನ ಕಾರಣ ಗೊತ್ತಾಗುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಬೇಸರದಲ್ಲಿ ಎಲ್ಲರೂ ಮೊದಲು ಗುಂಡಿ ತೋಡಿಬಿಡುತ್ತಾರೆ, ಎರಡು ದಿನ ಬಿಟ್ಟು ಇನ್ನೊಂದು ಬಾತು ಮಂಕಾದಾಗ "ಅಯ್ಯೋ, ಅದನ್ನು ತೋರಿಸಬೇಕಿತ್ತು" ಅಂತ ಒದ್ದಾಡುತ್ತಾರೆ.

ಬೆಳಿಗ್ಗೆ ಗೂಡು ತೆಗೆದರೆ ಬಾತು ಸತ್ತು ಬಿದ್ದಿದೆ. ಮೊದಲು ಏನು ಮಾಡಲಿ?

ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಇಲ್ಲದಿದ್ದರೆ ಪ್ಲಾಸ್ಟಿಕ್ ಕವರ್ ಕೈಗೆ ಸುತ್ತಿಕೊಳ್ಳಿ, ಮೂಗು ಬಾಯಿಗೆ ಮಾಸ್ಕ್ ಹಾಕಿ. ಎತ್ತುವ ಮೊದಲು ಫೋನಿನಲ್ಲಿ ಫೋಟೊ ತೆಗೆಯಿರಿ: ಯಾವ ಭಂಗಿಯಲ್ಲಿ ಬಿದ್ದಿದೆ, ಬಾಯಿ, ಕಣ್ಣು, ಹಿಂಭಾಗ, ಸುತ್ತ ಬಿದ್ದಿರುವ ಹಿಕ್ಕೆ, ತಿನ್ನುವ ತಟ್ಟೆ, ನೀರು. ಉಳಿದ ಬಾತುಗಳನ್ನು ತಕ್ಷಣ ಬೇರೆ ಜಾಗಕ್ಕೆ ಹಾಕಿ, ಹಳೆಯ ನೀರು ಮತ್ತು ಆಹಾರ ಕೊಡಬೇಡಿ. ಆದರೆ ಆ ಆಹಾರವನ್ನು ಚೆಲ್ಲಲೂ ಬೇಡಿ. ಒಂದು ಹಿಡಿಯಷ್ಟು ಕವರಿನಲ್ಲಿ ಕಟ್ಟಿಡಿ, ಮುಂದೆ ಬೇಕಾಗಬಹುದು. ನಾಯಿ, ಬೆಕ್ಕು, ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ.

ದೇಹವನ್ನು ಹೇಗೆ ಇಡಬೇಕು? ಫ್ರೀಜರ್‌ನಲ್ಲಿ ಇಡಬಹುದಾ?

ಪರೀಕ್ಷೆಗೆ ಕೊಡುವ ಯೋಚನೆ ಇದ್ದರೆ ಫ್ರೀಜರ್ ಬೇಡ. ಹೆಪ್ಪುಗಟ್ಟಿದ ಮಾಂಸದಲ್ಲಿ ಜೀವಕೋಶಗಳು ಒಡೆದುಹೋಗುತ್ತವೆ, ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಏನೂ ಸರಿಯಾಗಿ ಕಾಣುವುದಿಲ್ಲ. ಫ್ರಿಜ್‌ನ ಕೆಳಭಾಗದಷ್ಟು ತಂಪು, ಅಂದರೆ 4 ಡಿಗ್ರಿ ಆಸುಪಾಸು ಸಾಕು. ಆದರೆ ಮನೆಯವರು ಊಟ ಇಡುವ ಫ್ರಿಜ್‌ನಲ್ಲಿ ಇಡಬೇಡಿ. ಥರ್ಮೋಕೋಲ್ ಪೆಟ್ಟಿಗೆ ಮತ್ತು ಐಸ್ ಇದ್ದರೆ ಅದೇ ಒಳ್ಳೆಯದು.

ಇಲ್ಲಿ ಬಾತಿಗೆ ಮಾತ್ರ ಬೇಕಾದ ಒಂದು ಕೆಲಸ ಇದೆ. ಬಾತಿನ ಪುಕ್ಕದಲ್ಲಿ ಎಣ್ಣೆ ಇರುತ್ತದೆ, ಒಳಗೆ ದಪ್ಪ ತುಪ್ಪಳ ಇರುತ್ತದೆ. ಹಾಗಾಗಿ ಸತ್ತ ಮೇಲೂ ಮೈಯ ಬಿಸಿ ಬೇಗ ಹೊರಗೆ ಹೋಗುವುದಿಲ್ಲ, ಹೊರಗೆ ತಣ್ಣಗೆ ಕಂಡರೂ ಹೊಟ್ಟೆಯೊಳಗೆ ಕೊಳೆಯುತ್ತಾ ಇರುತ್ತದೆ. ಒಂದು ಬಕೆಟ್ ತಣ್ಣೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು ಕಲಸಿ, ಪುಕ್ಕ ಚರ್ಮದವರೆಗೆ ನೆನೆಯುವಂತೆ ಅದ್ದಿ ತೆಗೆಯಿರಿ. ಆಮೇಲೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಒಂದರೊಳಗೊಂದು ಹಾಕಿ ಬಿಗಿಯಾಗಿ ಕಟ್ಟಿ, ಹೊರಗಿನಿಂದ ಐಸ್ ಇಡಿ. ಪುಕ್ಕದ ದೂಳು ಹಾರದೆ ಇರುವುದರಿಂದ ನಿಮಗೂ ಡಾಕ್ಟರಿಗೂ ಕ್ಷೇಮ. 24 ಗಂಟೆಯೊಳಗೆ ತಲುಪಿಸಿ. ಬೇಸಿಗೆಯಲ್ಲಿ ಅಷ್ಟೂ ಹೊತ್ತು ಕಾಯಬೇಡಿ.

ನಿನ್ನೆ ಸಂಜೆ ಚೆನ್ನಾಗಿ ತಿಂದು ಓಡಾಡಿಕೊಂಡಿತ್ತು. ಒಂದೇ ರಾತ್ರಿಯಲ್ಲಿ ಹೇಗೆ ಸಾಯುತ್ತದೆ?

ಎರಡು ರೀತಿ ಇದೆ. ಒಂದು, ನಿಜವಾಗಿಯೂ ಗಂಟೆಗಳಲ್ಲಿ ಕೊಲ್ಲುವಂಥದ್ದು: ವಿಷ, ಬಿಸಿಲ ಝಳ, ಕಾಡುಪ್ರಾಣಿಯ ದಾಳಿ, ಕೆಲವು ತೀವ್ರ ಸೋಂಕು. ಇನ್ನೊಂದು, ವಾರಗಳಿಂದ ಒಳಗೆ ಇದ್ದ ಕಾಯಿಲೆ ಕೊನೆಗೆ ಒಂದು ದಿನ ಹೊರಬಿದ್ದಿದ್ದು. ಬಾತು ಗುಂಪಿನಲ್ಲಿ ಬದುಕುವ ಹಕ್ಕಿ. ಕಾಯಿಲೆ ಬಿದ್ದದ್ದನ್ನು ತೋರಿಸಿಕೊಂಡರೆ ಬೇಟೆಗಾರ ಪ್ರಾಣಿಯ ಕಣ್ಣಿಗೆ ಮೊದಲು ಬೀಳುವುದು ಅದೇ, ಹಾಗಾಗಿ ಆಗುವಷ್ಟು ದಿನ ಮುಚ್ಚಿಡುತ್ತದೆ. ಗುಂಪಿನ ಜೊತೆಗೇ ತಟ್ಟೆಗೆ ಬರುತ್ತದೆ, ಕೊಕ್ಕು ಹಾಕುತ್ತದೆ, ಆದರೆ ನುಂಗಿರುವುದಿಲ್ಲ. ದೂರದಿಂದ ನೋಡುವವರಿಗೆ "ಚೆನ್ನಾಗಿ ತಿಂತಿತ್ತು" ಅಂತಲೇ ಕಾಣುತ್ತದೆ. ವಯಸ್ಸಾದ ಬಿಳಿ ಪೆಕಿನ್ ಬಾತುಗಳಲ್ಲಿ ಲಿವರ್ ಒಳಗೆ ಒಂದು ರೀತಿಯ ಪ್ರೋಟೀನ್ ಸೇರಿಕೊಂಡು ಊದಿಕೊಳ್ಳುವುದು ಸಾಮಾನ್ಯ. ಅದಕ್ಕೆ ಅಮೈಲಾಯ್ಡೋಸಿಸ್ ಅನ್ನುತ್ತಾರೆ, ಸಾಯುವ ದಿನದವರೆಗೂ ಏನೂ ಗೊತ್ತಾಗದೆ ಇರಬಹುದು.

ಕುತ್ತಿಗೆ ಪೂರ್ತಿ ಹಿಂದಕ್ಕೆ ಬಾಗಿತ್ತು. ವಿಷದಿಂದಲೇ ಅಲ್ವಾ?

ಅಷ್ಟರಿಂದಲೇ ಹಾಗೆ ಹೇಳಲು ಬರುವುದಿಲ್ಲ. ಸಾಯುವಾಗ ಬರುವ ಸೆಳೆತದಿಂದಲೂ ಹಾಗೆ ಆಗುತ್ತದೆ. ಆರು ವಾರದೊಳಗಿನ ಮರಿಗಳು ಒಂದರ ಹಿಂದೆ ಒಂದು ಹೀಗೆ ಸತ್ತರೆ ಮಾತ್ರ ಅದು ದೊಡ್ಡ ಸುಳಿವು, ಮುಂದೆ ಹೇಳಿದ್ದೇನೆ.

ಮೈಮೇಲೆ ಒಂದೂ ಗಾಯ ಇಲ್ಲ. ಹಾಗಾದರೆ ಯಾವ ಪ್ರಾಣಿಯೂ ಬಂದಿಲ್ಲ ತಾನೆ?

ಪುಕ್ಕ ಬಿಡಿಸಿ ನೋಡಿದ್ದೀರಾ? ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕಿನ ಹಲ್ಲು ಸಣ್ಣ, ಚೂಪು. ಕುತ್ತಿಗೆ, ತಲೆಯ ಹಿಂಭಾಗ, ರೆಕ್ಕೆಯ ಕೆಳಗೆ ಸೂಜಿ ಚುಚ್ಚಿದಷ್ಟು ತೂತು ಇದ್ದರೂ ಒಳಗೆ ರಕ್ತ ಕಟ್ಟಿರುತ್ತದೆ. ಒದ್ದೆ ಮಾಡಿದ ಮೇಲೆ ಪುಕ್ಕ ಸರಿಸಿ ನೋಡಿದರೆ ಚರ್ಮದ ಮೇಲೆ ನೀಲಿ ಕಲೆ ಕಾಣುತ್ತದೆ. ಹಾವು ಕಚ್ಚಿದ್ದಂತೂ ಹೊರಗಿನಿಂದ ಕಂಡುಹಿಡಿಯುವುದು ಬಹಳ ಕಷ್ಟ. ಮಲೆನಾಡು, ಕರಾವಳಿ ಕಡೆ ತೋಟದ ಮನೆಗಳಲ್ಲಿ ಮೊಟ್ಟೆಯ ಆಸೆಗೆ ಹಾವು ಗೂಡಿಗೆ ಬರುತ್ತದೆ, ಬಾತು ಮೊಟ್ಟೆ ಮೇಲೆ ಕೂತಿದ್ದರೆ ಎದ್ದು ಓಡುವುದಿಲ್ಲ.

ಇನ್ನೊಂದು ವಿಷಯ. ನಾಯಿ ಗೂಡಿನ ಸುತ್ತ ರಾತ್ರಿಯೆಲ್ಲ ಬೊಗಳಿ ಓಡಾಡಿದರೂ, ಒಳಗೆ ನುಗ್ಗದಿದ್ದರೂ, ಬಾತುಗಳು ಗಾಬರಿಯಿಂದ ಒಂದರ ಮೇಲೊಂದು ಬಿದ್ದು ಉಸಿರುಗಟ್ಟುವುದುಂಟು. ಮೂಲೆಯಲ್ಲಿ ಕೆಳಗೆ ಸಿಕ್ಕಿಕೊಂಡದ್ದು ಸತ್ತಿದ್ದರೆ ಇದನ್ನೂ ಯೋಚಿಸಿ.

ಪಕ್ಕದವರೇ ವಿಷ ಹಾಕಿದ್ದಾರೆ ಅನ್ನಿಸುತ್ತಿದೆ.

ಈ ಅನುಮಾನ ಬರುವುದು ಸಹಜ, ಆದರೆ ಜಗಳಕ್ಕೆ ಹೋಗುವ ಮೊದಲು ಪರೀಕ್ಷೆ ಮಾಡಿಸಿ. ಬಾತು ವಿಷ ತಿಂದು ಸಾಯುವುದು ನಿಜ, ಆದರೆ ಬಹಳ ಸಲ ಅದು ಬೇರೆ ಯಾವುದಕ್ಕೋ ಇಟ್ಟ ವಿಷ. ಇಲಿ ಪಾಷಾಣ ಬೆರೆಸಿದ ಅಕ್ಕಿ ಅಥವಾ ಹಿಟ್ಟಿನ ಉಂಡೆ. ಬಾಳೆ, ಅಡಿಕೆ, ಭತ್ತಕ್ಕೆ ಹಾಕುವ ಗುಳಿಗೆ ರೂಪದ ಕೀಟನಾಶಕ. ಬಾತು ಆಹಾರ ಅರೆಯಲಿ ಅಂತ ಸಣ್ಣ ಕಲ್ಲುಗಳನ್ನು ಹುಡುಕಿ ನುಂಗುವ ಹಕ್ಕಿ, ಆ ಗುಳಿಗೆಗಳು ಅದಕ್ಕೆ ಮರಳಿನ ಹರಳಿನಂತೆ ಕಾಣುತ್ತವೆ. ಔಷಧಿ ಹೊಡೆದ ಗದ್ದೆಯಲ್ಲಿ ಸತ್ತ ಹುಳ, ಬಸವನಹುಳು ತಿಂದರೂ ಸಾಕು. ಬಾಯಲ್ಲಿ ಜೊಲ್ಲು, ನಡುಕ, ಉಸಿರಾಟದ ಕಷ್ಟ ಕಂಡು ಬೇಗ ಸತ್ತಿದ್ದರೆ ಈ ಕಡೆ ಅನುಮಾನ ಜಾಸ್ತಿ.

ಡಾಕ್ಟರಿಗೆ ಈ ಅನುಮಾನವನ್ನು ಮೊದಲೇ ಹೇಳಿ. ವಿಷದ ಪರೀಕ್ಷೆಗೆ ಹೊಟ್ಟೆಯಲ್ಲಿರುವ ಆಹಾರ, ಲಿವರ್ ಪ್ರತ್ಯೇಕವಾಗಿ ತೆಗೆದಿಡಬೇಕು. ಸಾಧಾರಣ ಪೋಸ್ಟ್‌ಮಾರ್ಟಂನಲ್ಲಿ ಅದು ತಾನಾಗಿ ಆಗುವುದಿಲ್ಲ.

ತಿನ್ನಲು ಹಾಕಿದ ಹಿಂಡಿ, ಮೆಕ್ಕೆಜೋಳದಿಂದ ಹೀಗಾಗಬಹುದಾ?

ಆಗಬಹುದು. ನನ್ನ ಪ್ರಕಾರ ನಮ್ಮಲ್ಲಿ ಜನ ಕಡಿಮೆ ಅನುಮಾನಪಡುವ, ಆದರೆ ಮೊದಲು ನೋಡಬೇಕಾದ ಕಾರಣ ಇದು. ಕಡಲೆಕಾಯಿ ಹಿಂಡಿ, ಮೆಕ್ಕೆಜೋಳ, ನುಚ್ಚು ತೇವ ಹಿಡಿದರೆ ಬೂಷ್ಟು ಬರುತ್ತದೆ. ಆ ಬೂಷ್ಟಿನಲ್ಲಿ ಒಂದು ಜಾತಿ ಅಫ್ಲಾಟಾಕ್ಸಿನ್ ಅನ್ನುವ ವಿಷ ತಯಾರಿಸುತ್ತದೆ. ಇದು ನೇರ ಲಿವರ್‌ಗೆ ಹೊಡೆಯುತ್ತದೆ. ಸಾಕುಹಕ್ಕಿಗಳಲ್ಲೆಲ್ಲ ಬಾತು ಮರಿಗೆ ಇದನ್ನು ತಡೆಯುವ ಶಕ್ತಿ ತೀರಾ ಕಡಿಮೆ.

ಈ ವಿಷ ಪತ್ತೆಯಾದ ಕಥೆಯಲ್ಲೇ ಬಾತು ಇದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತವು, ಜೊತೆಗೆ ಬಾತು ಮರಿಗಳೂ ಸತ್ತವು. ಯಾವ ರೋಗಾಣುವೂ ಸಿಗಲಿಲ್ಲ. ಕೊನೆಗೆ ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿಯಲ್ಲಿ ಕಾರಣ ಸಿಕ್ಕಿತು. ಆಮೇಲೆ ಎಷ್ಟೋ ವರ್ಷ ಆಹಾರದಲ್ಲಿ ಈ ವಿಷ ಇದೆಯೋ ಇಲ್ಲವೋ ಅಂತ ನೋಡಲು ಪ್ರಯೋಗಾಲಯಗಳು ಒಂದು ದಿನದ ಬಾತು ಮರಿಗಳನ್ನೇ ಬಳಸುತ್ತಿದ್ದವು. ಅಷ್ಟು ಸೂಕ್ಷ್ಮ ಅವು.

ಹಾಗಾಗಿ ಮಳೆಗಾಲದಲ್ಲಿ ದೊಡ್ಡ ಚೀಲ ತಂದು ತಿಂಗಳುಗಟ್ಟಲೆ ಇಡಬೇಡಿ. ಚೀಲವನ್ನು ನೆಲಕ್ಕೆ ತಾಗದಂತೆ ಹಲಗೆ ಮೇಲೆ ಇಡಿ. ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದ್ದರೆ, ಹಸಿರು ಅಥವಾ ಕಪ್ಪು ಬಣ್ಣ ಕಂಡರೆ ಇಡೀ ಚೀಲ ಬಿಸಾಡಿ. ಬಿಸಿಲಿಗೆ ಒಣಗಿಸಿ ಕೊಟ್ಟರೆ, ಬೇಯಿಸಿ ಕೊಟ್ಟರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ. ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಹಾಗೇ ಉಳಿದಿರುತ್ತದೆ. "ಮನುಷ್ಯರಿಗೆ ಬೇಡ, ಬಾತಿಗೆ ಹಾಕೋಣ" ಅಂತ ಹಾಕುವ ಕೆಟ್ಟ ಅಕ್ಕಿ, ಹುಳಿತ ಅನ್ನ, ಬೂಷ್ಟು ಹಿಡಿದ ಬ್ರೆಡ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಅಡುಗೆಮನೆಯಿಂದ ಇನ್ನೇನು ಕೊಡಬಾರದು?

ಬೆಣ್ಣೆ ಹಣ್ಣು ಕೊಡಲೇಬೇಡಿ. ಕೊಡಗಿನ ಕಡೆ ಮನೆ ಹಿತ್ತಲಲ್ಲೇ ಮರ ಇರುತ್ತದೆ, ಹಣ್ಣು ಕೆಳಗೆ ಬಿದ್ದಿರುತ್ತದೆ. ಅದರ ಎಲೆ, ಸಿಪ್ಪೆ, ತಿರುಳಿನಲ್ಲಿರುವ ಪರ್ಸಿನ್ ಅನ್ನುವ ಅಂಶ ಹಕ್ಕಿಗಳ ಹೃದಯಕ್ಕೆ ಅಪಾಯ. ಚಾಕೊಲೇಟ್ ಬೇಡ. ಉಪ್ಪಿನಕಾಯಿ, ಉಪ್ಪು ಮೀನು, ಸಂಡಿಗೆ ಹಪ್ಪಳದಂಥ ಉಪ್ಪು ಜಾಸ್ತಿ ಇರುವುದು ಬೇಡ. ಬಾತನ್ನು ಮನೆಯೊಳಗೇ ಸಾಕುವವರು ಇನ್ನೊಂದು ನೆನಪಿಡಿ: ನಾನ್‌ಸ್ಟಿಕ್ ಬಾಣಲೆ ಖಾಲಿಯಾಗಿ ಒಲೆ ಮೇಲೆ ಅತಿಯಾಗಿ ಕಾದರೆ ಬರುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ನಿಮಗೆ ವಾಸನೆಯೂ ಬಂದಿರುವುದಿಲ್ಲ.

ನಮ್ಮ ಬಾತು ಕೊಳದಲ್ಲಿ ತೇಲುತ್ತಿತ್ತು. ಬಾತು ನೀರಲ್ಲಿ ಮುಳುಗಿ ಸಾಯುತ್ತದಾ?

ಕುತ್ತಿಗೆ ಎತ್ತಿ ಹಿಡಿಯುವ ಶಕ್ತಿ ಹೋದರೆ ಸಾಯುತ್ತದೆ. ಇದಕ್ಕೆ ದೊಡ್ಡ ಕಾರಣ ಬೊಟುಲಿಸಂ. ಬೇಸಿಗೆಯಲ್ಲಿ ನೀರು ತಗ್ಗಿ, ಬಿಸಿಯಾಗಿ, ಕೊಳೆತ ಎಲೆ, ಸತ್ತ ಮೀನು ಸೇರಿದಾಗ ಕೆಸರಿನಲ್ಲಿ ಗಾಳಿ ಬೇಡದ ಒಂದು ಬ್ಯಾಕ್ಟೀರಿಯಾ ಬೆಳೆದು ನರಗಳನ್ನು ಸಡಿಲಗೊಳಿಸುವ ವಿಷ ಬಿಡುತ್ತದೆ. ಮೊದಲು ಕಾಲು ಬೀಳುತ್ತದೆ, ಆಮೇಲೆ ರೆಕ್ಕೆ, ಆಮೇಲೆ ಕುತ್ತಿಗೆ. ದಡದಲ್ಲಿದ್ದರೆ ಉಸಿರಾಟ ನಿಂತು ಸಾಯುತ್ತದೆ, ನೀರಲ್ಲಿದ್ದರೆ ತಲೆ ಮುಳುಗಿ ಸಾಯುತ್ತದೆ.

ಇದು ಹರಡುವ ಬಗೆ ಭಯಂಕರ. ಸತ್ತ ಹಕ್ಕಿಯ ಮೇಲೆ ನೊಣ ಮೊಟ್ಟೆ ಇಡುತ್ತದೆ, ಹುಳ ಆಗುತ್ತದೆ. ಹುಳಕ್ಕೆ ವಿಷದಿಂದ ಏನೂ ಆಗುವುದಿಲ್ಲ, ಆದರೆ ಅದರ ಮೈಯಲ್ಲಿ ವಿಷ ತುಂಬಿರುತ್ತದೆ. ಬಾತಿಗೆ ಹುಳ ಅಂದರೆ ಪ್ರಾಣ. ಕೆಲವೇ ಹುಳ ತಿಂದರೆ ಸಾಕು, ಅದೂ ಸಾಯುತ್ತದೆ, ಅದರ ಮೇಲೆ ಮತ್ತೆ ನೊಣ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಸತ್ತದ್ದು ಇದರಿಂದಲೇ. ಹಾಗಾಗಿ ಕೊಳದ ಸುತ್ತ ಸತ್ತ ಇಲಿ, ಮೀನು, ಕಪ್ಪೆ ಏನೇ ಕಂಡರೂ ಅವತ್ತೇ ತೆಗೆಯಿರಿ.

ಕಾಲು ಬಿದ್ದ ಬಾತು ಇನ್ನೂ ಜೀವಂತ ಇದ್ದರೆ ನೀರಿನಿಂದ ಎತ್ತಿ, ನೆರಳಲ್ಲಿ ತಲೆ ಎತ್ತರಕ್ಕೆ ಇರುವಂತೆ ಮಲಗಿಸಿ, ಡಾಕ್ಟರ್ ಹತ್ತಿರ ಓಡಿ. ಬೇಗ ಸಿಕ್ಕಿದ ಬಾತುಗಳು ಬದುಕುತ್ತವೆ.

ಕೃಷಿ ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಅದನ್ನೂ ಮರೆಯಬೇಡಿ. ಹತ್ತಿ ಬರಲು ಜಾಗ ಇಲ್ಲದೆ ರಾತ್ರಿಯೆಲ್ಲ ಈಜಿ ಸುಸ್ತಾಗಿ ಮುಳುಗಿದ ಬಾತುಗಳಿವೆ. ಒಂದು ಹಲಗೆಯೋ ಗೋಣಿಚೀಲವೋ ಇಳಿಜಾರಾಗಿ ಕಟ್ಟಿ.

ಮೊಳೆ, ತಂತಿ, ನಾಣ್ಯ ನುಂಗಿದ್ದರೆ?

ಬಾತು ಮಿನುಗುವುದನ್ನೆಲ್ಲ ನುಂಗುತ್ತದೆ. ಮನೆ ರಿಪೇರಿ, ವೆಲ್ಡಿಂಗ್ ಕೆಲಸ ಆದ ಮೇಲೆ ಅಂಗಳದಲ್ಲಿ ತಂತಿ ಚೂರು, ಸ್ಕ್ರೂ ಬಿದ್ದಿರುತ್ತವೆ. ಚೂಪಾದದ್ದು ಹೊಟ್ಟೆ ತೂತು ಮಾಡುತ್ತದೆ. ಸತು ಬಳಿದ ಮೊಳೆ, ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಹೊಟ್ಟೆಯ ಆಮ್ಲದಲ್ಲಿ ಕರಗಿ ವಿಷ ಏರಿಸುತ್ತವೆ. ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಯಾಗಿ ಚೆನ್ನಾಗಿ ಕಾಣುತ್ತದೆ, ಸತ್ತ ಮೇಲೂ ತೆಗೆಸಬಹುದು. ಕೆಲಸ ಮುಗಿದ ದಿನ ಅಂಗಳದಲ್ಲಿ ಒಂದು ಆಯಸ್ಕಾಂತ ಎಳೆದಾಡಿ.

ಇದ್ದಕ್ಕಿದ್ದಂತೆ ಕೊಲ್ಲುವ ರೋಗಗಳು ಯಾವುವು?

ಮುಖ್ಯವಾಗಿ ಬಾತಿನ ಪ್ಲೇಗ್ ಮತ್ತು ಬಾತಿನ ಕಾಲರಾ. ಹೆಸರು ಕೇಳಿ ಮನುಷ್ಯರ ಪ್ಲೇಗ್, ಕಾಲರಾ ಅಂತ ಹೆದರಬೇಡಿ, ಅವು ಬೇರೆ.

ಪ್ಲೇಗ್ ಒಂದು ವೈರಸ್. ನಮ್ಮ ದೇಶದಲ್ಲಿ 1960ರ ದಶಕದಲ್ಲಿ ಪಶ್ಚಿಮ ಬಂಗಾಳದಲ್ಲಿ ಮೊದಲು ಕಂಡಿತು. ಹೊಸ ಬಾತು ತಂದ ಕೆಲವು ದಿನದಲ್ಲಿ, ಅಥವಾ ಕಾಡುಬಾತು ಇಳಿಯುವ ಕೆರೆಗೆ ಬಿಟ್ಟ ಮೇಲೆ ಶುರುವಾಗುತ್ತದೆ. ಮೈಕೈ ತುಂಬಿಕೊಂಡಿರುವ ಬಾತು ಸತ್ತು ಬಿದ್ದಿರುತ್ತದೆ, ಹಿಂಭಾಗದ ಪುಕ್ಕಕ್ಕೆ ರಕ್ತ ಮೆತ್ತಿರುತ್ತದೆ. ಗಂಡು ಬಾತಿನ ಜನನಾಂಗ ಹೊರಗೆ ಜೋತುಬಿದ್ದಿದ್ದರೆ ಅದು ಬಲವಾದ ಸುಳಿವು. ಬದುಕಿರುವ ರೋಗಿ ಬಾತು ಬೆಳಕಿಗೆ ಕಣ್ಣು ಮುಚ್ಚುತ್ತದೆ, ಸುಮ್ನೆ ನೀರು ಕುಡಿಯುತ್ತಲೇ ಇರುತ್ತದೆ. ಆಂಟಿಬಯಾಟಿಕ್ ಇದಕ್ಕೆ ನಾಟುವುದಿಲ್ಲ. ಉಳಿದವಕ್ಕೆ ತಕ್ಷಣ ಲಸಿಕೆ ಕೊಟ್ಟರೆ ಕೆಲವು ಉಳಿಯುತ್ತವೆ.

ಕಾಲರಾ ಬ್ಯಾಕ್ಟೀರಿಯಾದಿಂದ ಬರುತ್ತದೆ, ಇಲಿಗಳೂ ತರುತ್ತವೆ. ಒಂದೂ ಲಕ್ಷಣ ಇಲ್ಲದೆ ತಟ್ಟೆ ಪಕ್ಕದಲ್ಲೇ ಬಿದ್ದು ಸಾಯುವುದು ಇದರ ರೀತಿ. ಪೋಸ್ಟ್‌ಮಾರ್ಟಂನಲ್ಲಿ ಹೃದಯದ ಮೇಲೆ ರಕ್ತದ ಚುಕ್ಕೆ, ಲಿವರ್ ಮೇಲೆ ಬಿಳಿ ಚುಕ್ಕೆ ಕಾಣುತ್ತವೆ. ಇದಕ್ಕೆ ಸರಿಯಾದ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ. ನೋಡಿ, ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ, ಚಿಕಿತ್ಸೆ ಪೂರ್ತಿ ಬೇರೆ. ಅದಕ್ಕೇ ನಾನು ದೇಹ ಹೂಳಬೇಡಿ, ತೋರಿಸಿ ಅಂತ ಇಷ್ಟು ಒತ್ತಿ ಹೇಳುವುದು.

ಹಕ್ಕಿಜ್ವರ ಇರಬಹುದಾ?

ಒಂದೇ ಬಾತು ಸತ್ತಿದ್ದರೆ, ಅಕ್ಕಪಕ್ಕ ಎಲ್ಲೂ ಹಕ್ಕಿ ಸಾಯದಿದ್ದರೆ, ಸಾಧ್ಯತೆ ಕಡಿಮೆ. ಒಂದೆರಡು ದಿನದಲ್ಲಿ ಹಲವು ಸತ್ತರೆ, ಕಾಗೆ, ಕೊಕ್ಕರೆ, ಕೋಳಿ ಕೂಡ ಸಾಯುತ್ತಿದ್ದರೆ, ಬದುಕಿರುವವು ತಲೆ ತಿರುಗಿಸಿಕೊಂಡು ಸುತ್ತುತ್ತಿದ್ದರೆ, ಕಣ್ಣು ಮಂಜಾಗಿದ್ದರೆ, ಅದನ್ನೇ ಮೊದಲು ಯೋಚಿಸಬೇಕು. ಬಾತಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಕೋಳಿಗಳೆಲ್ಲ ಸತ್ತರೂ ಕೆಲವು ಬಾತುಗಳು ಏನೂ ಆಗದಂತೆ ಓಡಾಡಿಕೊಂಡು ವೈರಸ್ ಹರಡುತ್ತಿರುತ್ತವೆ.

ಇದು ದೂರದ ಮಾತಲ್ಲ. 2012ರಲ್ಲಿ ಬೆಂಗಳೂರು ಪಕ್ಕದ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳಲ್ಲಿ ಕಾಣಿಸಿತ್ತು. 2020ರಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ, 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಬಂತು. ಕೇರಳದ ಕುಟ್ಟನಾಡಿನಲ್ಲಿ 2014ರಲ್ಲಿ, ಮತ್ತೆ 2021ರಲ್ಲಿ ಬಾತು ಸಾಕುವ ರೈತರೇ ಇದರ ಹೊಡೆತ ತಿಂದರು.

ಅನುಮಾನ ಇದ್ದರೆ ದೇಹವನ್ನು ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಹೊತ್ತುಕೊಂಡು ಹೋಗಬೇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಫೋನ್ ಮಾಡಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಅವರೇ ಬಂದು ಮಾದರಿ ತೆಗೆಯುತ್ತಾರೆ. ಕೊನೆಯ ಖಚಿತ ಪರೀಕ್ಷೆ ಆಗುವುದು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯದಲ್ಲಿ.

ತಿಳಿಸಿದರೆ ನನ್ನ ಉಳಿದ ಬಾತುಗಳನ್ನೂ ಕೊಂದುಬಿಡುತ್ತಾರಾ?

ಅನುಮಾನದ ಮೇಲೆ ಕೊಲ್ಲುವುದಿಲ್ಲ. ಹಕ್ಕಿಜ್ವರ ಅಂತ ಪರೀಕ್ಷೆಯಲ್ಲಿ ದೃಢವಾದರೆ ಸುತ್ತ 1 ಕಿಲೋಮೀಟರ್ ಒಳಗಿನ ಸಾಕುಹಕ್ಕಿಗಳನ್ನು ಕೊಲ್ಲುವ ನಿಯಮ ಇದೆ, 10 ಕಿಲೋಮೀಟರ್‌ವರೆಗೆ ನಿಗಾ ಇರುತ್ತದೆ. ಹೆಸರಿಟ್ಟು ಸಾಕಿದವರಿಗೆ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಮುಚ್ಚಿಡಬೇಡಿ ಅಂತಲೇ ಹೇಳುತ್ತೇನೆ. ಮುಚ್ಚಿಟ್ಟರೆ ಉಳಿದವು ಬದುಕುತ್ತವೆ ಅಂತ ಏನಿಲ್ಲ, ಪಕ್ಕದ ಮನೆಯ ಕೋಳಿ, ಆ ಮನೆಯ ಮಕ್ಕಳು ಎಲ್ಲರಿಗೂ ಅಪಾಯ. ತಿಳಿಸಬೇಕು ಅನ್ನುವುದು 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾನೂನಿನಲ್ಲೂ ಇದೆ. ಸರ್ಕಾರ ಕೊಲ್ಲಿಸಿದ ಹಕ್ಕಿಗೆ ಪರಿಹಾರ ಕೊಡುತ್ತದೆ, ಅದಕ್ಕೂ ಮೊದಲು ಸತ್ತದ್ದಕ್ಕೆ ಕೊಡುವುದಿಲ್ಲ.

ನಮಗೆ, ಮಕ್ಕಳಿಗೆ, ಬೆಕ್ಕಿಗೆ ಏನಾದರೂ ಬರುತ್ತದಾ?

ಬಾತಿನ ಪ್ಲೇಗ್ ಬರುವುದಿಲ್ಲ. ಹಕ್ಕಿಜ್ವರ ಮನುಷ್ಯರಿಗೆ ಬರುವುದು ಅಪರೂಪ, ಬಂದರೆ ಗಂಭೀರ. 2021ರಲ್ಲಿ ಹರಿಯಾಣದ ಒಬ್ಬ ಹುಡುಗ ದೆಹಲಿಯಲ್ಲಿ ಇದರಿಂದ ತೀರಿಕೊಂಡ. ಬೆಕ್ಕುಗಳಿಗೂ ಬರುತ್ತದೆ, 2025ರ ಶುರುವಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕು ಬೆಕ್ಕುಗಳಲ್ಲಿ ಕಂಡಿತ್ತು. ಇನ್ನು ಹೊಟ್ಟೆ ಕೆಡಿಸಿ ಭೇದಿ ತರುವ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಂತೂ ಆರೋಗ್ಯವಾಗಿರುವ ಬಾತಿನಿಂದಲೂ ಮಕ್ಕಳಿಗೆ ದಾಟುತ್ತದೆ. ಸತ್ತ ಬಾತನ್ನು ಮುಟ್ಟಿದ ಮೇಲೆ ಹತ್ತು ದಿನದೊಳಗೆ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಶುರುವಾದರೆ ವೈದ್ಯರ ಬಳಿ ಹೋಗಿ. ಹಕ್ಕಿ ಸತ್ತಿತ್ತು, ಮುಟ್ಟಿದ್ದೆ ಅಂತ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳುವುದಿಲ್ಲ.

ಸತ್ತ ಬಾತನ್ನು ಅಡುಗೆ ಮಾಡಬಹುದಾ? ಫ್ರಿಜ್‌ನಲ್ಲಿರುವ ಮೊಟ್ಟೆ?

ತಾನಾಗಿ ಸತ್ತ ಬಾತನ್ನು ತಿನ್ನಬಾರದು, ನಾಯಿಗೂ ಹಾಕಬಾರದು. ಕಾರಣ ಗೊತ್ತಾಗುವವರೆಗೆ ಮೊಟ್ಟೆಯನ್ನೂ ತಿನ್ನಬೇಡಿ, ಯಾರಿಗೂ ಕೊಡಬೇಡಿ.

ಮರಿಗಳು ಒಂದೊಂದಾಗಿ ಸಾಯುತ್ತಿವೆ.

ಆರು ವಾರದೊಳಗಿನ ಮರಿಗಳು ಪಕ್ಕಕ್ಕೆ ಬಿದ್ದು, ಕಾಲು ಒದ್ದು, ಕುತ್ತಿಗೆ ಹಿಂದಕ್ಕೆ ಸೆಟೆದು ಒಂದೆರಡು ಗಂಟೆಯಲ್ಲಿ ಸತ್ತರೆ ಲಿವರ್‌ಗೆ ಹೊಡೆಯುವ ಬಾತಿನ ಹೆಪಟೈಟಿಸ್ ವೈರಸ್ ಇರಬಹುದು. ದೊಡ್ಡ ಬಾತುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಮನೆಗಳಲ್ಲಿ ಮರಿ ಸಾಯುವುದು ಜಾಸ್ತಿ ಚಳಿಯಿಂದ. ತಾಯಿ ಇಲ್ಲದ, ಯಂತ್ರದಲ್ಲೋ ಕೋಳಿಯ ಕೆಳಗೋ ಒಡೆದ ಮರಿಗೆ ತಾಯಿಬಾತಿನ ಮೈಯ ಎಣ್ಣೆ ಸಿಕ್ಕಿರುವುದಿಲ್ಲ. ಬಾತು ಅಲ್ವಾ, ಈಜಲಿ ಅಂತ ಟಬ್ಬಿಗೆ ಬಿಟ್ಟರೆ ಪುಕ್ಕ ನೆನೆದು ತಣ್ಣಗಾಗಿ ಸಾಯುತ್ತದೆ. ಮೊದಲ ವಾರಗಳಲ್ಲಿ ಕೊಕ್ಕು ಅದ್ದುವಷ್ಟು ನೀರು ಸಾಕು. ಆಹಾರ ಕೊಡುವಾಗ ಪಕ್ಕದಲ್ಲಿ ನೀರು ಇರಲೇಬೇಕು, ಇಲ್ಲದಿದ್ದರೆ ಒಣ ಹಿಟ್ಟು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುತ್ತದೆ. ಔಷಧಿ ಬೆರೆಸಿದ ಕೋಳಿಮರಿ ಆಹಾರ ಡಾಕ್ಟರನ್ನು ಕೇಳದೆ ಕೊಡಬೇಡಿ.

ಮೊಟ್ಟೆ ಇಡುವ ಹೆಣ್ಣು ಬಾತು ಸತ್ತಿತು. ಅದಕ್ಕೇನಾದರೂ ಬೇರೆ ಕಾರಣ ಇರುತ್ತದಾ?

ಇರುತ್ತದೆ. ಮೊಟ್ಟೆ ಹೊರಬರದೆ ಸಿಕ್ಕಿಕೊಳ್ಳುವುದು, ಒಳಗೇ ಒಡೆದು ಹೊಟ್ಟೆಯಲ್ಲಿ ಕೀವಾಗುವುದು. ಹೊಟ್ಟೆ ಕೆಳಗೆ ಜೋತುಬಿದ್ದು ಪೆಂಗ್ವಿನ್ ತರ ನೆಟ್ಟಗೆ ನಿಲ್ಲುತ್ತಿದ್ದರೆ ಅದು ಮುನ್ಸೂಚನೆ. ಖಾಕಿ ಕ್ಯಾಂಪ್‌ಬೆಲ್ ತಳಿ ವರ್ಷಕ್ಕೆ 250ಕ್ಕೂ ಜಾಸ್ತಿ ಮೊಟ್ಟೆ ಇಡುವ ಬಾತು, ಅದರ ಮೈಯಿಂದ ಅಷ್ಟು ಸುಣ್ಣದಂಶ ಹೋಗುತ್ತದೆ. ಕಪ್ಪೆಚಿಪ್ಪಿನ ಪುಡಿ ಸದಾ ಒಂದು ಬಟ್ಟಲಲ್ಲಿ ಇಟ್ಟಿರಿ.

ಗಂಡು ಬಾತುಗಳು ಜಾಸ್ತಿ ಇದ್ದರೂ ಹೆಣ್ಣು ಸಾಯುತ್ತದೆ. ನೀರಲ್ಲಿ ಒಂದರ ಹಿಂದೆ ಒಂದು ಮೇಲೆ ಹತ್ತಿ ಮುಳುಗಿಸಿಬಿಡುತ್ತವೆ. ಕುತ್ತಿಗೆ ಹಿಂಭಾಗದ ಪುಕ್ಕ ಕಿತ್ತುಹೋಗಿದ್ದರೆ ಗಮನಿಸಿ. ಒಂದು ಗಂಡಿಗೆ ನಾಲ್ಕೈದು ಹೆಣ್ಣಾದರೂ ಇರಬೇಕು.

ಬಿಸಿಲಿಗೆ ಸತ್ತಿರಬಹುದಾ?

ಮಧ್ಯಾಹ್ನದ ಮೇಲೆ, ತಗಡಿನ ಗೂಡಿನಲ್ಲಿ, ನೀರಿಲ್ಲದೆ ಇತ್ತು ಅಂದರೆ ಖಂಡಿತ ಇರಬಹುದು. ಬಾತಿಗೆ ಬೆವರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೇ ಮುಖ್ಯ ದಾರಿ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ನೆರಳು ಮತ್ತು ತಲೆ ಮುಳುಗುವಷ್ಟು ಆಳದ ನೀರು ಎರಡೂ ಬೇಕೇ ಬೇಕು.

ಪೋಸ್ಟ್‌ಮಾರ್ಟಂ ಎಲ್ಲಿ ಮಾಡುತ್ತಾರೆ? ಒಂದು ಬಾತಿಗೆ ಮಾಡುತ್ತಾರಾ?

ಮಾಡುತ್ತಾರೆ, ಕೇಳಲು ನಾಚಿಕೆ ಬೇಡ. ಮೊದಲು ತಾಲ್ಲೂಕು ಪಶು ಆಸ್ಪತ್ರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯೂ ಅಲ್ಲೇ ಇದೆ. ಶಿವಮೊಗ್ಗ, ಹಾಸನ, ಬೀದರ್‌ನಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ರೋಗಶಾಸ್ತ್ರ ವಿಭಾಗವನ್ನು ಕೇಳಿ. ಹೋಗುವ ಮೊದಲು ಫೋನ್ ಮಾಡಿದರೆ ರಜೆ ದಿನ ಹೋಗಿ ವಾಪಸ್ ಬರುವುದು ತಪ್ಪುತ್ತದೆ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ವಯಸ್ಸು, ತಳಿ, ಕೊನೆಯ ಸಲ ಯಾವಾಗ ತಿಂದಿತು, ಆಹಾರ ಬದಲಿಸಿದ್ದಿರಾ, ಹೊಸ ಹಕ್ಕಿ ತಂದಿರಾ, ಸುತ್ತಮುತ್ತ ಔಷಧಿ ಹೊಡೆದಿದ್ದಾರಾ, ಎಷ್ಟು ಸತ್ತಿವೆ, ಎಷ್ಟು ಉಳಿದಿವೆ.

ಮನೆಯಲ್ಲಿ ನೀವೇ ಕೊಯ್ದು ನೋಡಬೇಡಿ.

ಎಲ್ಲ ಮಾಡಿಸಿದರೂ ರಿಪೋರ್ಟಿನಲ್ಲಿ "ಕಾರಣ ಖಚಿತವಾಗಿಲ್ಲ" ಅಂತ ಬಂತು.

ಹೀಗೂ ಆಗುತ್ತದೆ. ಹೃದಯದ ಲಯ ತಪ್ಪಿ ನಿಂತರೆ ಕೊಯ್ದು ನೋಡಿದಾಗ ಗುರುತು ಸಿಗುವುದಿಲ್ಲ. ಕೆಲವು ವಿಷಗಳನ್ನು ಹೆಸರಿಟ್ಟು ಹುಡುಕಿದರೆ ಮಾತ್ರ ಸಿಗುತ್ತವೆ. ಆದರೆ ಆ ರಿಪೋರ್ಟಿನಿಂದ ಪ್ರಯೋಜನ ಇಲ್ಲ ಅಂದುಕೊಳ್ಳಬೇಡಿ. ಪ್ಲೇಗಿನ ಗುರುತು ಇಲ್ಲ, ಕಾಲರಾ ಇಲ್ಲ, ಮೊಳೆ ಇಲ್ಲ, ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿಲ್ಲ ಅಂತ ತಿಳಿಯಿತಲ್ಲ, ಉಳಿದ ಬಾತುಗಳ ಬಗ್ಗೆ ಅಷ್ಟು ಧೈರ್ಯ ಬಂತು.

ದೃಷ್ಟಿ ತಾಗಿ ಸತ್ತಿದೆ ಅಂತ ಮನೆಯಲ್ಲಿ ಅಜ್ಜಿ ಹೇಳುತ್ತಾರೆ.

ಅಜ್ಜಿಯ ಸಮಾಧಾನಕ್ಕೆ ದೃಷ್ಟಿ ತೆಗೆಯಲಿ, ಜಗಳ ಬೇಡ. ದೇಹ ಮಾತ್ರ ಡಾಕ್ಟರ್ ಹತ್ತಿರ ಹೋಗಲಿ.

ನನ್ನ ತಪ್ಪಿನಿಂದ ಸತ್ತಿತಾ?

ಇದನ್ನು ಕೇಳದವರೇ ಇಲ್ಲ. ನಾನು ಮೇಲೆ ಬರೆದ ಕಾರಣಗಳಲ್ಲಿ ಎಷ್ಟೋ ನಿಮ್ಮ ಕೈ ಮೀರಿದ್ದು. ಕೆಲವು ತಡೆಯಬಹುದಾದದ್ದು, ನಿಜ. ಅದು ತಿಳಿಯದೆ ಆಗಿದ್ದರೆ ಈಗ ತಿಳಿಯಿತು, ಉಳಿದವಕ್ಕೆ ಆ ತಿಳಿವು ಉಪಯೋಗಕ್ಕೆ ಬರುತ್ತದೆ. "ಒಂದು ಬಾತಿಗೆ ಇಷ್ಟು ಅಳುತ್ತೀಯಾ" ಅನ್ನುವವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. ದನಿ ಕೇಳಿದರೆ ಓಡಿ ಬರುತ್ತಿದ್ದ, ಹಿಂದೆ ಹಿಂದೆ ತಿರುಗುತ್ತಿದ್ದ ಜೀವ ಅದು. ಮಕ್ಕಳಿಗೂ "ಊರಿಗೆ ಹೋಯ್ತು" ಅಂತ ಸುಳ್ಳು ಹೇಳಬೇಡಿ, ಸತ್ತಿದೆ ಅಂತಲೇ ಹೇಳಿ, ಅಳಲು ಬಿಡಿ.

ಜೋಡಿ ಬಾತು ಕೂಗುತ್ತಲೇ ಇದೆ, ತಿನ್ನುತ್ತಿಲ್ಲ.

ಬಾತಿಗೆ ಒಂಟಿತನ ನಿಜವಾಗಿಯೂ ಕಷ್ಟ. ಆದರೆ ತಿನ್ನದೆ ಇರುವುದನ್ನು ಬರೀ ದುಃಖ ಅಂತ ತಿಳಿಯಬೇಡಿ, ಅದೇ ಕಾಯಿಲೆ ಇದಕ್ಕೂ ಬಂದಿರಬಹುದು. ಒಂದು ದಿನ ಪೂರ್ತಿ ತಿನ್ನದಿದ್ದರೆ ಡಾಕ್ಟರಿಗೆ ತೋರಿಸಿ. ಕಾಯಿಲೆ ಇಲ್ಲ ಅಂತಾದರೆ ಅದರ ಜೊತೆ ಹೆಚ್ಚು ಹೊತ್ತು ಕೂತುಕೊಳ್ಳಿ, ಗೂಡಿನಲ್ಲಿ ಒಂದು ಕನ್ನಡಿ ಇಟ್ಟರೆ ಕೆಲವು ಬಾತುಗಳು ಅದರ ಪಕ್ಕದಲ್ಲೇ ಮಲಗುತ್ತವೆ. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನೀರಿಗೆ ಹಾಕಬೇಡಿ.

ಎಲ್ಲಿ ಹೂಳುವುದು?

ಬಾವಿ, ಬೋರ್‌ವೆಲ್, ಕೆರೆಯಿಂದ ದೂರ, ನಾಯಿ ಕೆದಕಲಾಗದಷ್ಟು ಆಳ, ಅಂದರೆ ಮೂರು ನಾಲ್ಕು ಅಡಿ. ಮೇಲೆ ಕೆಳಗೆ ಸುಣ್ಣ ಹಾಕಿ. ಪ್ಲಾಸ್ಟಿಕ್ ಕವರ್ ಸಮೇತ ಹೂಳಬೇಡಿ. ಗೊಬ್ಬರದ ಗುಂಡಿಗೆ, ಹೊಳೆಗೆ ಎಸೆಯುವುದಂತೂ ಬೇಡವೇ ಬೇಡ. ಬೆಂಗಳೂರಲ್ಲಿ ಜಾಗ ಇಲ್ಲದವರು ಸುಮನಹಳ್ಳಿಯ ಪ್ರಾಣಿ ಚಿತಾಗಾರದಲ್ಲಿ ವಿಚಾರಿಸಿ.

ಲಸಿಕೆ ಇದೆಯಾ?

ಪ್ಲೇಗಿಗೆ ಇದೆ, ಕಾಲರಾಗೂ ಇದೆ. ಪ್ಲೇಗಿನದ್ದನ್ನು ಸಾಮಾನ್ಯವಾಗಿ 8ರಿಂದ 12 ವಾರದ ವಯಸ್ಸಿನಲ್ಲಿ ಚರ್ಮದ ಕೆಳಗೆ ಕೊಡುತ್ತಾರೆ, ವರ್ಷಕ್ಕೊಮ್ಮೆ ಮತ್ತೆ ಬೇಕು. ಒಂದು ಬಾಟಲಿ ಒಡೆದರೆ ಬಹಳ ಹಕ್ಕಿಗಳಿಗೆ ಆಗುವಷ್ಟು ಇರುತ್ತದೆ, ಉಳಿದದ್ದನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಹಾಗಾಗಿ ಎರಡು ಮೂರು ಬಾತು ಇರುವವರು ಅಕ್ಕಪಕ್ಕದ ಊರಿನಲ್ಲಿ ಬಾತು ಸಾಕುವವರನ್ನು ಸೇರಿಸಿಕೊಂಡು ಒಂದೇ ದಿನ ಹಾಕಿಸಿ.

ಮತ್ತೆ ಬಾತು ತರಬಹುದಾ? ಎಷ್ಟು ದಿನ ಬಿಟ್ಟು?

ಪ್ರಾಣಿ ದಾಳಿ, ಬಿಸಿಲು, ಮೊಟ್ಟೆಯ ತೊಂದರೆ ಅಂತ ಖಚಿತವಾದರೆ, ಗೂಡು ಸರಿಮಾಡಿ ನಿಮ್ಮ ಮನಸ್ಸು ಒಪ್ಪಿದಾಗ ತನ್ನಿ. ಸೋಂಕು ಅಂತಾದರೆ, ಅಥವಾ ಪರೀಕ್ಷೆಯನ್ನೇ ಮಾಡಿಸದಿದ್ದರೆ, ಆತುರ ಬೇಡ. ಹಳೆಯ ಹೊಟ್ಟು, ಹುಲ್ಲು ತೆಗೆದು ಸುಟ್ಟುಹಾಕಿ. ಮೊದಲು ಸೋಪಿನ ನೀರಲ್ಲಿ ಉಜ್ಜಿ ತೊಳೆಯಿರಿ, ಒಣಗಿದ ಮೇಲೆ ಬ್ಲೀಚಿಂಗ್ ನೀರು ಹಾಕಿ. ಹಿಕ್ಕೆ ಮೆತ್ತಿಕೊಂಡಿರುವಾಗ ಬ್ಲೀಚಿಂಗ್ ಕೆಲಸ ಮಾಡುವುದಿಲ್ಲ. ಸಣ್ಣ ಕೊಳವಾದರೆ ಪೂರ್ತಿ ಖಾಲಿ ಮಾಡಿ ತಳ ಬಿರುಕು ಬಿಡುವಷ್ಟು ಬಿಸಿಲಿಗೆ ಒಣಗಿಸಿ. ಗೂಡನ್ನು ಒಂದೆರಡು ತಿಂಗಳು ಖಾಲಿ ಬಿಡಿ. ಹಕ್ಕಿಜ್ವರ ಬಂದ ಜಾಗವಾದರೆ ಯಾವಾಗ ತರಬಹುದು ಅಂತ ಪಶುಪಾಲನಾ ಇಲಾಖೆ ಹೇಳುವವರೆಗೆ ಕಾಯಲೇಬೇಕು.

ಹಳೆಯ ಬಾತು ಬದುಕಿ ಉಳಿದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪ್ಲೇಗಿನಿಂದ ಚೇತರಿಸಿಕೊಂಡ ಬಾತು ನೋಡಲು ಗಟ್ಟಿಮುಟ್ಟಾಗಿದ್ದರೂ ವರ್ಷಗಟ್ಟಲೆ ವೈರಸ್ ಹೊತ್ತಿರಬಹುದು, ಹೊಸದಾಗಿ ಬರುವವಕ್ಕೆ ಲಸಿಕೆ ಹಾಕಿಸದೆ ಅದರ ಜೊತೆ ಬಿಡಬೇಡಿ. ತರುವಾಗ ಸಂತೆಯಲ್ಲಿ ಹತ್ತೂರಿನ ಹಕ್ಕಿಗಳ ಜೊತೆ ಬುಟ್ಟಿಯಲ್ಲಿ ತುಂಬಿಟ್ಟದ್ದನ್ನು ಕೊಳ್ಳುವ ಬದಲು, ಗೊತ್ತಿರುವವರ ಮನೆಯಿಂದ, ಎರಡಾದರೂ ಒಟ್ಟಿಗೆ ತನ್ನಿ. ತಂದ ಮೇಲೆ 30 ದಿನ ಬೇರೆ ಗೂಡು, ಬೇರೆ ನೀರು, ಬೇರೆ ಬಕೆಟ್. ದಿನಾ ಮೊದಲು ಹಳೆಯದಕ್ಕೆ ಆಹಾರ ಹಾಕಿ, ಆಮೇಲೆ ಹೊಸದರ ಹತ್ತಿರ ಹೋಗಿ, ಚಪ್ಪಲಿ ಅಲ್ಲೇ ಬಿಟ್ಟು ಕೈ ತೊಳೆದುಕೊಂಡು ಬನ್ನಿ.